ಬಡತನದಲ್ಲಿ ನಪಾಸು

ಮೊದಲು ಛಾವಣಿ ನೋಡಿ, ಅಂದಿದ್ದರು.
ಕೊಂಪೊಂಗ್ ಥೊಮ್‌ನ ಶಾಲೆಯೊಂದರಲ್ಲಿ
ಎರಡು ದಿನ ತರಬೇತಿ, ಮಧ್ಯಾಹ್ನದ ಊಟವೂ ಉಂಟು.
ತಾಳೆಗರಿಗೆ ಎಂಟು ಅಂಕ, ತುಕ್ಕು ತಗಡಿಗೆ ಐದು,
ಹೊಸ ತಗಡಿಗೆ ಎರಡು. ಹೆಂಚಿದ್ದರೆ
ಏಣಿ ಹತ್ತುವ ಕಷ್ಟವೇ ಬೇಡ, ಮುಂದಿನ ಮನೆ.

ನಾನು ಬರೆದ ಪರೀಕ್ಷೆಗಳೆಲ್ಲ ಒಂದು ತೂಕ, ಇದೇ ಒಂದು.
ಅಂಕ ಹೆಚ್ಚಿದಷ್ಟೂ ಬಡವರು,
ಐವತ್ತೊಂಬತ್ತಕ್ಕೆ ಪಾಸು.
ಪಾಸಾದವರಿಗೆ ಫೋಟೋ ಅಂಟಿಸಿದ ಕಾರ್ಡು,
ಕಾರ್ಡು ತೋರಿಸಿದರೆ ಆಸ್ಪತ್ರೆಯ ಮಂಚ, ಗ್ಲೂಕೋಸು,
ಹೊತ್ತು ತಂದ ಗಾಡಿಯ ಬಾಡಿಗೆ,
ಪಕ್ಕದಲ್ಲಿ ಕೂತು ಕಾಯುವವರ ಅನ್ನ.

ಮೊಯುನಜ್ಜಿಗೆ ನಾವು ಬರುವ ಸುದ್ದಿ ಹಿಂದಿನ ಸಂಜೆಯೇ ಮುಟ್ಟಿತ್ತು.
ಕಂಬಗಳ ಮೇಲಿನ ಮನೆ, ಕೆಳಗೆ ನೆಲದಲ್ಲಿ
ಪೊರಕೆಯ ಗೆರೆಗಳು ಇನ್ನೂ ಹಸಿ.
ಎರಡು ನೀಲಿ ಪ್ಲಾಸ್ಟಿಕ್ ಕುರ್ಚಿ,
ಗಾಜಿನ ಲೋಟದಲ್ಲಿ ಮಂಜುಗಡ್ಡೆ ಹಾಕಿದ ಚಹಾ,
ನಿಂತು ತಿರುಗುವ ಒಂದು ಫ್ಯಾನು.
ಅದರ ಕತ್ತು ಹಿಡಿದು ನನ್ನ ಕಡೆಗೇ ನಿಲ್ಲಿಸಿದಳು.

ಕುರ್ಚಿ ಬರೆದುಕೊಂಡೆ. ಫ್ಯಾನು ಬರೆದುಕೊಂಡೆ.
ಫ್ಯಾನಿನ ತಂತಿ ಬೇಲಿ ದಾಟಿ
ಫಾನಿತನ ಮನೆಯೊಳಗೆ ಹೋಗಿದ್ದು ಕಂಡಿತು.
ತಂತಿಗೆ ಫಾರ್ಮಿನಲ್ಲಿ ಕಾಲಂ ಇಲ್ಲ.

ಊರ ಸಮಿತಿಯ ಸವೂನ್ ಜೊತೆಗೇ ಇದ್ದ,
ಎಲ್ಲ ಗೊತ್ತಿದ್ದವನು.
ಬಾಯಿ ಬಿಡಬೇಕಾದ ಹೊತ್ತಿಗೆ ಸರಿಯಾಗಿ
ತಲೆಯ ಚೌಕುಳಿ ವಸ್ತ್ರ ಬಿಚ್ಚಿ, ಕೊಡವಿ, ಮತ್ತೆ ಸುತ್ತಿಕೊಂಡ.

ಹದಿನಾಲ್ಕನೇ ಪ್ರಶ್ನೆ: ಕಳೆದ ತಿಂಗಳು
ಎಷ್ಟು ದಿನ ಒಪ್ಪೊತ್ತು ಉಂಡಿರಿ?
ಹೊಟ್ಟೆಗೆ ತಣ್ಣೀರುಬಟ್ಟೆ ಕಟ್ಟಿದ ದಿನಗಳ ಲೆಕ್ಕವನ್ನು
ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸುತ್ತಿರುವವಳ ಹತ್ತಿರ
ಹೇಗೆ ಕೇಳುವುದು? ಕೇಳಿದೆ.
"ಉಂಡಿದ್ದೇವಲ್ಲ," ಅಂದಳು, ನಕ್ಕು.

ಮೊಮ್ಮಗಳು ಚಕ್ರಿಯಾ ಫ್ಯಾನಿಗೆ ಬಾಯಿ ಒಡ್ಡಿ
ಆ ಆ ಆ ಅನ್ನುತ್ತಿದ್ದಳು.
ದನಿ ಚೂರುಚೂರಾಗಿ ವಾಪಸು ಬಂದಾಗೆಲ್ಲ ಕೇಕೆ.
ನಮ್ಮ ಮನೆಗೂ ಫ್ಯಾನು ಹೊಸತಾಗಿ ಬಂದಾಗ
ಮೂರು ದಿನ ನಾನು ಆಡಿದ್ದು ಇದೇ ಆಟ.
ಅದಕ್ಕೂ ಕಾಲಂ ಇಲ್ಲ.

ಒಟ್ಟು ಐವತ್ತಾರು.
ಮೂರು ಅಂಕದಲ್ಲಿ ಮೊಯುನಜ್ಜಿ
ಬಡತನದಲ್ಲಿ ನಪಾಸು.

ಆಗಸ್ಟಿನಲ್ಲಿ ನನ್ನನ್ನು ಜಿಲ್ಲಾಸ್ಪತ್ರೆಯ ಕಿಟಕಿಗೆ ಹಾಕಿದರು.
ಕಾರ್ಡಿಲ್ಲದೆ ಬಂದವರನ್ನು ಮತ್ತೊಮ್ಮೆ ಕೇಳುವ ಕೆಲಸ.
ಸಾಲಿನಲ್ಲಿ ಏಳನೆಯವಳು ಅವಳು,
ತೋಳಲ್ಲಿ ಮಗು, ಜ್ವರದ ನಾಲ್ಕನೇ ದಿನ,
ಕಾಲ ತುಂಬ ಸಾಸಿವೆಯಷ್ಟು ಕೆಂಪು ಚುಕ್ಕೆ.

ಕುರ್ಚಿ?
ಪಗೋಡದ್ದು. ಅವತ್ತೇ ವಾಪಸು ಕೊಟ್ಟೆ.
ಲೋಟ?
ಸವೂನನ ಹೆಂಡತಿಯದು.
ಫ್ಯಾನು?
ಅದು ಫಾನಿತನದು ಕಣೆ.
ಅವತ್ತೇ ಒಂದು ಮಾತು ಹೇಳಬಾರದಿತ್ತಾ ಅಜ್ಜಿ?

"ನೀನು ಬೆವರ್ತಾ ಇದ್ದೆಯಲ್ಲ ಮಗಳೇ."

ಎಪ್ರಿಲ್ ತಿಂಗಳು ಅದು. ಹೌದು, ಬೆವರುತ್ತಿದ್ದೆ.
ಫಾರ್ಮಿನ ಕೊನೆಯಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದಾರೆ,
ಹಿಂದಿನ ಅಂಕ ಬದಲಾದರೆ ಕಾರಣ ಬರೆಯಲು.
ಅತಿಥಿ ಸತ್ಕಾರ ಅಂತ ಬರೆದೆ, ಹೊಡೆದು ಹಾಕಿದೆ.
ನನ್ನ ತಪ್ಪು ಅಂತ ಬರೆದೆ. ಮೇಲಿನವರು ಒಪ್ಪುವುದಿಲ್ಲ.
ಕೊನೆಗೆ 'ಎರವಲು ವಸ್ತುಗಳು' ಅಂತ ಬರೆದು ಮೊಹರು ಒತ್ತಿದೆ,
ಶಾಯಿ ಆರಿತ್ತು, ಉಗುಳು ಹಚ್ಚಿ ಮತ್ತೆ ಒತ್ತಿದೆ.

ಮೇಲಧಿಕಾರಿಯ ಸಹಿ ಸೋಮವಾರ. ಅವತ್ತು ಶುಕ್ರವಾರ.
ಸೂಜಿ ಸೋಮವಾರಕ್ಕೆ ಕಾಯಲಿಲ್ಲ, ನರ್ಸಮ್ಮ ಒಳ್ಳೆಯವಳು.

ಸಂಜೆ ಹೊರಡುವ ಮುಂಚೆ ವಾರ್ಡಿಗೆ ಇಣುಕಿದೆ.
ಮೊಯುನಜ್ಜಿ ಮಂಚದ ಕೆಳಗೆ ಚಾಪೆ ಹಾಸುತ್ತಿದ್ದಳು.
ನನ್ನ ಕಂಡದ್ದೇ ಎದ್ದು
ಕೂರಲು ಏನಾದರೂ ಇದೆಯಾ ಅಂತ ಸುತ್ತ ಹುಡುಕಿದಳು.
ಚಕ್ರಿಯಾ ಅಂಗಾತ ಮಲಗಿ ಮೇಲೆ ನೋಡುತ್ತಿತ್ತು,
ತುಟಿ ತೆರೆದು, ಸಣ್ಣಗೆ, ಆ ಅಂತು.

ವಾರ್ಡಿನ ಫ್ಯಾನು ತುಂಬಾ ಎತ್ತರ.